ಅಂಬುಜಾಕ್ಷಿಯ ಮಳೆ ಪುಟ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದ ಅಂಬುಜಾಕ್ಷಿ ಹದಿನಾರು ವರ್ಷದಿಂದ ಬೇರೆಯವರ ಮಾತನ್ನೇ ಟೈಪು ಮಾಡಿಕೊಂಡು ಬಂದವಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಆಕೆಯ ಕೈಯಿಂದ ಹೊರಟ ಮದುವೆ ಕಾಗದ ತಲುಪದ ಮನೆ ಹುಡುಕುವುದು ಕಷ್ಟ. ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು, ಯಾವ ದೊಡ್ಡಪ್ಪನನ್ನು ಬಿಟ್ಟರೆ ಆತ ಮದುವೆಗೇ ಬರುವುದಿಲ್ಲ, ಯಾವ ಸೋದರತ್ತೆಗೆ ಬರೀ ‘ಶ್ರೀಮತಿ’ ಸಾಲದು ಎಂಬುದೆಲ್ಲ ಆಕೆಗೆ ಬಾಯಿಪಾಠ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಎಡವಟ್ಟಿಗೆಲ್ಲ ಮೂಲ ಈ ಬಾಯಿಪಾಠವೇ.

ಎರಡು ಸಾವಿರದ ಏಳನೇ ಇಸವಿ. ಬೆಳೆಗಾರರ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಐವತ್ತಾದ ಮೇಲೆ ಇಂಟರ್ನೆಟ್ಟಿನಲ್ಲಿ ನಮ್ಮದೂ ಒಂದು ವೆಬ್‌ಸೈಟ್ ಇರಬೇಕು ಎಂದು ಕಮಿಟಿಯವರಿಗೆ ಹುಕಿ ಬಂತು. ಶಿವಮೊಗ್ಗದಿಂದ ಒಂದು ಕಂಪನಿಯವರು ಟೈ ಕಟ್ಟಿಕೊಂಡು ಬಂದು ಗೋಡೆಯ ಮೇಲೆ ಬೆಳಕು ಬಿಟ್ಟು ಏನೇನೋ ತೋರಿಸಿ ಹೋದರು. ಅದೇ ಹೊತ್ತಿಗೆ ಸ್ಮರಣ ಸಂಚಿಕೆಯ ಪ್ರೂಫು ಕೊಡಲೆಂದು ಬಾಗಿಲಲ್ಲಿ ನಿಂತಿದ್ದ ಅಂಬುಜಾಕ್ಷಿ, ಅದನ್ನು ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟಳು. ಇಡೀ ಕಮಿಟಿ ಕತ್ತು ತಿರುಗಿಸಿ ಆಕೆಯನ್ನು ನೋಡಿತು. ಎರಡು ವರ್ಷದಿಂದ ಇಟ್ಟಿಗೆ ಗಾತ್ರದ ಒಂದು ಪುಸ್ತಕ ಮುಂದಿಟ್ಟುಕೊಂಡು ಆಕೆ ಆ ವಿದ್ಯೆಯನ್ನು ಒಬ್ಬಳೇ ಕಲಿಯುತ್ತಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಘದ ಅಧ್ಯಕ್ಷರು ಭಂಡಿಗಡಿಯ ಜಯದೇವಪ್ಪ. ಅರವತ್ತೈದು ದಾಟಿದ, ಹೆಚ್ಚು ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ.

“ಮಾಡು ಮಾರಾಯ್ತಿ,” ಎಂದರು. “ಆದ್ರೆ ಮಹಾಸಭೆ ಆಗಸ್ಟ್ ಹನ್ನೆರಡಕ್ಕೆ. ಅಷ್ಟೊತ್ತಿಗೆ ದಿನಕ್ಕೆ ನೂರು ಜನ ನೋಡೋ ಹಾಗೆ ಇರ್ಬೇಕು. ಇಲ್ದಿದ್ರೆ ಶಿವಮೊಗ್ಗದವರಿಗೇ ಕೊಡೋದು.”

ಮೆಟ್ಟಿಲಿಳಿಯುವಾಗ ಅಂಬುಜಾಕ್ಷಿಯ ಮುಖದಲ್ಲಿ ನಗು ಉಕ್ಕುತ್ತಿತ್ತು. ಇಷ್ಟು ವರ್ಷ ಆಕೆಯನ್ನು ಎಲ್ಲರೂ ಟೈಪಿಂಗ್ ಅಕ್ಕ ಎಂದೇ ಕರೆದದ್ದು. ಬರೆದುಕೊಟ್ಟದ್ದನ್ನು ಹೊಡೆದುಕೊಡುವುದಷ್ಟೇ ಆಕೆಯ ಕೆಲಸ. ಇದು ಹಾಗಲ್ಲ, ಇದು ಆಕೆಯದೇ ಸ್ವಂತ ಕೈಕೆಲಸ, ಇದನ್ನು ಕಳೆದುಕೊಂಡರೆ ಇನ್ನೊಂದು ಇಂಥದ್ದು ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ ಎಂದು ಆಕೆಗೆ ಅನಿಸಿತು.

ಹದಿನೈದೇ ದಿನದಲ್ಲಿ ಸೈಟು ಸಿದ್ಧವಾಯಿತು. ಅಬ್ಬಾ, ಏನು ಸೈಟು ಅದು! ಮೇಲೆ ಗಣಪತಿ, ಎಡಬಲದಲ್ಲಿ ಬಾಳೆಕಂಬ, ಉರಿಯುವ ಎರಡು ದೀಪ, ಪರದೆಯ ಈ ತುದಿಯಿಂದ ಆ ತುದಿಗೆ ಓಡಾಡುವ ‘ಸುಸ್ವಾಗತ’, ಹಿನ್ನೆಲೆಯಲ್ಲಿ ನಾಗಸ್ವರ. ಅದರ ಕೆಳಗೆ ಗುಂಡಗಿನ ಚೌಕಟ್ಟಿನೊಳಗೆ ಅಧ್ಯಕ್ಷರ ಫೋಟೊ, ಆಮೇಲೆ ಉಪಾಧ್ಯಕ್ಷರು, ಕಾರ್ಯದರ್ಶಿ, ಹನ್ನೊಂದು ನಿರ್ದೇಶಕರು, ಬದುಕಿದ್ದ ಮಾಜಿ ಅಧ್ಯಕ್ಷರು, ಇಲ್ಲವಾದ ಮಾಜಿ ಅಧ್ಯಕ್ಷರು. ಸಂಘ ಏನು ಮಾಡುತ್ತದೆ ಎಂಬುದು ಎಲ್ಲರೂ ಮುಗಿದ ಮೇಲೆ, ಕಟ್ಟಕಡೆಗೆ. ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತದೆಂದು ಇಡೀ ಪುಟವನ್ನು ಒಂದೇ ಚಿತ್ರವಾಗಿ ಮಾಡಿ ಹಾಕಿದ್ದಳು. ಅಚ್ಚಿಗೆ ಕಳಿಸುವ ಮದುವೆ ಕಾಗದವನ್ನೇ ಆಕೆ ಇಂಟರ್ನೆಟ್ಟಿಗೆ ಏರಿಸಿದ್ದಳು, ಆದರೆ ಅದು ಹಾಗಾಗಿದೆ ಎಂದು ಆಗ ಆಕೆಗೆ ಹೊಳೆಯಲೇ ಇಲ್ಲ.

ಆ ಪುಟ ತೆರೆದುಕೊಳ್ಳಲು ನಾಲ್ಕು ನಿಮಿಷ ಬೇಕಿತ್ತು. ಮೇಲಿನಿಂದ ಒಂದೊಂದೇ ಗೆರೆ ಇಳಿದು, ಅಧ್ಯಕ್ಷರ ಹಣೆ ಕಂಡು, ಕನ್ನಡಕ ಕಂಡು, ಮೀಸೆ ಬರುವಷ್ಟರಲ್ಲಿ ನೋಡುವವನಿಗೆ ತಾಳ್ಮೆ ಮುಗಿದಿರುತ್ತಿತ್ತು. ಅಂಗಡಿಯಲ್ಲಿ ಬಂದವರ ಬಳಕೆಗೆಂದು ಎರಡು ಕಂಪ್ಯೂಟರು ಇದ್ದವು. ಅಂಬುಜಾಕ್ಷಿ ಅವೆರಡರಲ್ಲೂ ತನ್ನ ಸೈಟೇ ಮೊದಲು ತೆರೆಯುವಂತೆ ಮಾಡಿ, ಕೈಗಡಿಯಾರ ಮುಂದಿಟ್ಟುಕೊಂಡು ಹಿಂದಿನಿಂದ ಕದ್ದು ನೋಡುತ್ತಿದ್ದಳು. ಕಾಲೇಜಿನ ಹುಡುಗಿಯೊಬ್ಬಳು ಎಂಟು ಸೆಕೆಂಡಿಗೆ ಮುಚ್ಚಿದಳು. ಅರ್ಜಿ ತುಂಬಲು ಬಂದಿದ್ದ ಮೇಷ್ಟ್ರೊಬ್ಬರು ನಾಗಸ್ವರ ಕೇಳಿ ತಮ್ಮ ಮೊಬೈಲೆಂದು ಜೇಬು ತಡಕಿದರು. ಪೂರ್ತಿ ಕೂತು ನೋಡಿದವರು ಒಬ್ಬರೇ, ಸಂಘದ ಒಬ್ಬ ನಿರ್ದೇಶಕರು. ಅವರೂ ತಮ್ಮ ಫೋಟೊ ಇನ್ನೊಬ್ಬರ ಫೋಟೊದ ಕೆಳಗೆ ಬಂತೆಂದು ಮುಖ ಊದಿಸಿಕೊಂಡು ಮೆಟ್ಟಿಲಿಳಿದು ಹೋದರು.

ಪುಟದ ಬುಡದಲ್ಲಿ ಎಷ್ಟು ಸಲ ತೆರೆದರೆಂದು ಎಣಿಸುವ ಕೌಂಟರ್ ಇತ್ತು. ತಿಂಗಳ ಕೊನೆಗೆ ಅದು ಇನ್ನೂರ ಹನ್ನೆರಡು ತೋರಿಸುತ್ತಿತ್ತು. ಅದರಲ್ಲಿ ಇನ್ನೂರು ಸಲ ತೆರೆದವಳು ತಾನೇ ಎಂದು ಅಂಬುಜಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಆಕೆಗೆ ಅಳುವೇ ಬಂತು. ಇಷ್ಟು ಚೆಂದ ಮಾಡಿದ್ದನ್ನು ಯಾಕೆ ಯಾರೂ ನೋಡುವುದಿಲ್ಲ ಎಂಬ ಪ್ರಶ್ನೆಗೆ ಆ ದಪ್ಪ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಉತ್ತರ ಜೂನ್ ಎರಡನೇ ವಾರದಲ್ಲಿ ಕೊಡೆ ಮಡಚಿಕೊಂಡು ಮೆಟ್ಟಿಲು ಹತ್ತಿ ಬಂತು. ಬೇಗಾರಿನ ಕೃಷ್ಣಯ್ಯನವರು, ಎಪ್ಪತ್ತೆರಡರ ಸಣಕಲು ಮನುಷ್ಯ, ಬಟ್ಟೆಯ ಚೀಲದಿಂದ ಮೂರು ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟರು. ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಅವರು ತಮ್ಮ ಅಂಗಳದ ಮಳೆ ಗೇಜು ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ಸ್ ಎಂದು ಬರೆದಿಟ್ಟ ಲೆಕ್ಕ. ಇಂಚಿಗೆ ನೂರು ಸೆಂಟ್ಸ್. ಒಂದು ದಿನವೂ ತಪ್ಪಿರಲಿಲ್ಲ. ಮಗಳ ಮದುವೆಯ ದಿನ ಕೂಡ ಎಂಟಕ್ಕೆ ಮಂಟಪದಿಂದ ಎದ್ದು ಹೋಗಿ ನೋಡಿ ಬಂದಿದ್ದರಂತೆ. ಅದನ್ನೆಲ್ಲ ನೀಟಾಗಿ ಟೈಪು ಮಾಡಿಕೊಡಬೇಕು ಎಂದರು.

ಅಂಬುಜಾಕ್ಷಿ ಟೈಪು ಮಾಡತೊಡಗಿದಳು. ಜೆರಾಕ್ಸಿಗೆ ಬಂದಿದ್ದ ಒಬ್ಬಾತ ಇಣುಕಿ, ನಿನ್ನೆ ಬೇಗಾರಿನಲ್ಲಿ ಎಷ್ಟು ಎಂದು ಕೇಳಿದ. ಎರಡು ಇಂಚು ನಲವತ್ತು ಎಂದರು ಕೃಷ್ಣಯ್ಯ. ನಮ್ಮಲ್ಲಿ ಮೂರರ ಮೇಲೆ ಎಂದು ಆತ ಎದೆಯುಬ್ಬಿಸಿದ. ಬೆಂಚಿನ ಮೇಲಿದ್ದ ಹೆಂಗಸು, ನಿಮ್ಮಲ್ಲಿ ಮೂರು ಹೇಗಾಗುತ್ತದೆ, ಪಕ್ಕದ ನಮ್ಮೂರಿಗೆ ಎರಡೇ ಎಂದಳು. ಮಾತಿಗೆ ಮಾತು ಬೆಳೆಯಿತು. ಹತ್ತು ವರ್ಷದ ಹಿಂದಿನ ಆರಿದ್ರಾ ಮಳೆ ಎಷ್ಟು ಬಿತ್ತು, ಯಾವ ವರ್ಷ ಪುಷ್ಯ ಕೈಕೊಟ್ಟಿತು, ಎಲ್ಲ ಹೊರಗೆ ಬಂತು. ಅಂಬುಜಾಕ್ಷಿಯ ಕಂಪ್ಯೂಟರಿನ ಸುತ್ತ ಆರು ತಲೆ ಬಗ್ಗಿದ್ದವು.

ಅಭ್ಯಾಸಬಲದಿಂದ ಆಕೆ ಕೈಗಡಿಯಾರ ನೋಡಿಕೊಂಡಳು. ಇಪ್ಪತ್ತಾರು ನಿಮಿಷವಾಗಿತ್ತು. ಒಬ್ಬರೂ ಅಲ್ಲಾಡಿರಲಿಲ್ಲ, ಒಬ್ಬನಿಗಂತೂ ಬಸ್ಸೇ ತಪ್ಪಿಹೋಗಿತ್ತು. ಪರದೆಯ ಮೇಲೆ ದೀಪವಿಲ್ಲ, ಬಾಳೆಕಂಬವಿಲ್ಲ, ಬರೀ ಅಂಕಿ. ಅಂಬುಜಾಕ್ಷಿಗೆ ಮೈಯೆಲ್ಲ ಜುಮ್ಮೆಂದಿತು. ಮಳೆಗಾಲ ಹಿಡಿದ ಮೇಲೆ ಈ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು?’ ಎಂದೇ, ಊಟ ಆಯಿತೇ, ಆರಾಮೇ ಎನ್ನುವುದೆಲ್ಲ ಆಮೇಲೆ. ಹುಟ್ಟಿದಾಗಿನಿಂದ ಕಿವಿಯ ಮೇಲೆ ಬೀಳುತ್ತಿದ್ದ ಮಾತು, ಇಷ್ಟು ದಿನ ತನ್ನ ತಲೆಗೆ ಹೋಗಲಿಲ್ಲವಲ್ಲ ಎಂದು ಆಕೆ ತನ್ನನ್ನೇ ಬೈದುಕೊಂಡಳು.

ಮಾರನೆಯ ದಿನವೇ ಹಳೆಯ ಪುಟ ಕಿತ್ತುಹಾಕಿದಳು. ಯಾರನ್ನೂ ಕೇಳಲಿಲ್ಲ. ಬಿಳಿ ಪುಟ, ಕಪ್ಪು ಅಕ್ಷರ, ಎಲ್ಲ ಕಂಪ್ಯೂಟರಿನಲ್ಲೂ ಮೂಡುವ ಹೊಸ ಕನ್ನಡ ಅಕ್ಷರ. ತಲೆಯಲ್ಲಿ ಒಂದೇ ಸಾಲು: ‘ನಿಮ್ಮಲ್ಲಿ ಎಷ್ಟು?’ ಕೆಳಗೆ ಊರು, ಅಳೆದವರ ಹೆಸರು, ಇಂಚು, ಸೆಂಟ್ಸ್. ಅದರ ಕೆಳಗೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಾದ ಒಂದು ಖಾಲಿ ಜಾಗ. ಅಧ್ಯಕ್ಷರು, ನಿರ್ದೇಶಕರು ಎಲ್ಲ ಹಿಂದಿನ ಪುಟಕ್ಕೆ ಹೋದರು. ಜಯದೇವಪ್ಪನವರು ಫೋನಿನಲ್ಲಿ ಹಾರಾಡಿದರು. ನೂರು ಜನ ಬೇಕೆಂದವರು ನೀವೇ ತಾನೇ ಎಂದು ಅಂಬುಜಾಕ್ಷಿ ಮೆತ್ತಗೆ ನೆನಪಿಸಿದಳು.

ಆಮೇಲೆ ಶುರುವಾಯಿತು ನೋಡಿ ಹಬ್ಬ. ಮೊದಲ ದಿನ ನಾಲ್ಕು ಊರು, ವಾರದಲ್ಲಿ ಹದಿನೇಳು, ಜೂನ್ ಮುಗಿಯುವುದರೊಳಗೆ ಮೂವತ್ತು ದಾಟಿತು. ಬೆಳಿಗ್ಗೆ ಏಳಕ್ಕೇ ಅಂಗಡಿ ತೆರೆಯಬೇಕಾಯಿತು, ಎಂಟಕ್ಕೆ ಗೇಜು ನೋಡಿದವರು ಎಂಟೂ ಐದಕ್ಕೆ ಫೋನು ಹಚ್ಚುತ್ತಿದ್ದರು. ಒಂಬತ್ತಕ್ಕೆ ಪುಟ ಹೊಸದಾಗಬೇಕು. ಐದು ನಿಮಿಷ ತಡವಾದರೆ, ಎಂತ ಅಕ್ಕ ಇನ್ನೂ ಬರಲಿಲ್ಲ ಎಂದು ಹುಬ್ಬಳ್ಳಿಯಿಂದ ಯಾರೋ ಬರೆಯುತ್ತಿದ್ದರು, ಮೈಸೂರಿನಿಂದ ಇನ್ಯಾರೋ. ಒಮ್ಮೆ ಬಂದವರು ನಾಳೆಯೂ ಬರುತ್ತಿದ್ದರು, ಏಕೆಂದರೆ ನಾಳೆಯ ಅಂಕಿ ಬೇರೆ. ತಮ್ಮ ಊರನ್ನಷ್ಟೇ ನೋಡಿ ಹೋಗುತ್ತಿರಲಿಲ್ಲ, ಪಕ್ಕದೂರನ್ನು ನೋಡದೆ ಯಾರಿಗೂ ಸಮಾಧಾನವಿರಲಿಲ್ಲ. ಇದನ್ನೆಲ್ಲ ಅಂಬುಜಾಕ್ಷಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ಈಗ ಆಕೆಯ ಬಳಿ ಆಕೆಯದೇ ಒಂದು ಪುಸ್ತಕವಾಯಿತು.

ಒಂದು ದಿನ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಜ್ಯೋತ್ಸ್ನಾ ಎಂಬ ಹುಡುಗಿ ಬರೆದಳು: ‘ನಮ್ಮ ಮುತ್ತಿನಕೊಪ್ಪದ್ದು ಯಾಕಿಲ್ಲ? ಅಮ್ಮ ಅಲ್ಲೇ ಇದ್ದಾಳೆ.’ ಯಾರಾದರೂ ಅಳೆದು ಹೇಳಿದರೆ ಹಾಕುತ್ತೇನೆ ಎಂದು ಅಂಬುಜಾಕ್ಷಿ ಉತ್ತರ ಬರೆದಳು. ಮೂರನೇ ದಿನ ಕಾಯಿನ್ ಬೂತಿನಿಂದ ಒಂದು ಫೋನು. ಪುಟ್ಟಕ್ಕ, ಜ್ಯೋತ್ಸ್ನಾಳ ಅಮ್ಮ, ತೋಟದ ಕೆಲಸಕ್ಕೆ ಹೋಗುವ ಹೆಂಗಸು. ಗೇಜು ಎಲ್ಲಿಂದ ತರಬೇಕು? ಬಾಯಿಯೂ ಬುಡವೂ ಒಂದೇ ಅಗಲದ ಸ್ಟೀಲಿನ ಅವಲಕ್ಕಿ ಡಬ್ಬಿಯನ್ನು ಅಂಗಳದಲ್ಲಿಟ್ಟು, ಮಗಳ ಹಳೆಯ ಸ್ಕೇಲು ಅದ್ದಿ ನೋಡಿದಳಂತೆ. ಅಂಬುಜಾಕ್ಷಿ ಲೆಕ್ಕ ಹಾಕಿ ನೋಡಿದಳು, ಅದು ಸರಿಯಾದ ಅಳತೆಯೇ. ಎಸ್ಟೇಟು ಧಣಿಗಳ ಹೆಸರಿನ ನಡುವೆ ಅದೇ ಗಾತ್ರದ ಅಕ್ಷರದಲ್ಲಿ ಪುಟ್ಟಕ್ಕನ ಹೆಸರೂ ಬಂತು. ಅಂದಿನಿಂದ ಆ ಆಸ್ಪತ್ರೆಯ ನರ್ಸುಗಳೆಲ್ಲ ಡ್ಯೂಟಿ ಮುಗಿದೊಡನೆ ಪುಟ್ಟಕ್ಕನ ಮಳೆ ಎಷ್ಟೆಂದು ನೋಡತೊಡಗಿದರು.

ಜುಲೈ ಐದಕ್ಕೆ ಕೌಂಟರ್ ಒಂದೇ ದಿನದಲ್ಲಿ ನೂರು ದಾಟಿ ನೂರ ಮೂರಕ್ಕೆ ನಿಂತಿತು. ಅಂಬುಜಾಕ್ಷಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಳಗಿನ ಬೇಕರಿಯಿಂದ ಮೈಸೂರ್ ಪಾಕ್ ತರಿಸಿ ಮಹಡಿಯಲ್ಲಿದ್ದವರಿಗೆಲ್ಲ ಹಂಚಿದಳು, ಏನು ವಿಶೇಷ ಎಂದವರಿಗೆ ಮಳೆ ಎಂದಷ್ಟೇ ಹೇಳಿ ನಕ್ಕಳು.

ಹದಿನಾಲ್ಕನೇ ತಾರೀಕು ಅಧ್ಯಕ್ಷರಿಂದಲೇ ಫೋನು ಬಂತು. ಭಂಡಿಗಡಿ, ಜಯದೇವಪ್ಪ, ಒಂಬತ್ತು ಇಂಚು ಎಂಬತ್ತು ಸೆಂಟ್ಸ್. ಅಪ್ಪನ ಕಾಲದ ಹಿತ್ತಾಳೆ ಗೇಜಿನ ಲೆಕ್ಕ. ಆ ದಿನ ಉಳಿದ ಊರುಗಳಲ್ಲಿ ನಾಲ್ಕು, ನಾಲ್ಕೂವರೆ. ಪುಟಕ್ಕೆ ಬೆಂಕಿ ಬಿದ್ದಂತಾಯಿತು. ಶೃಂಗೇರಿ ಕಡೆಯವರು ಸಾಧ್ಯವೇ ಇಲ್ಲ ಎಂದರು. ಕೊಪ್ಪದವರು ಹೊಟ್ಟೆಕಿಚ್ಚು ಎಂದರು. ಎನ್.ಆರ್. ಪುರದವರು ಇಬ್ಬರಿಗೂ ಗಾಳಿ ಹಾಕಿದರು. ಮರುದಿನ ಎಂಟು ಇಂಚು, ಅದರ ಮರುದಿನ ಮತ್ತೆ ಒಂಬತ್ತು. ಕೌಂಟರ್ ಇನ್ನೂರಾಯಿತು, ಮುನ್ನೂರಾಯಿತು, ಒಂದು ಸೋಮವಾರ ನಾನೂರ ಅರವತ್ತು. ಜಯದೇವಪ್ಪನವರು ದಿನಾ ಪುಟವನ್ನು ಪ್ರಿಂಟು ತೆಗೆಸಿ ಮಡಚಿ ಜೇಬಿನಲ್ಲಿಟ್ಟುಕೊಂಡು ಸಿಕ್ಕವರಿಗೆಲ್ಲ ತೋರಿಸಿದರು. ಶಿವಮೊಗ್ಗದವರ ಮಾತನ್ನು ಇನ್ನು ಎತ್ತುವುದೇ ಬೇಡ ಎಂದೂ ಹೇಳಿದರು.

ಅಂಬುಜಾಕ್ಷಿ ಏನು ಮಾಡಿದಳು? ಭಂಡಿಗಡಿಯ ಅಂಕಿಯನ್ನು ಕೆಂಪಾಗಿ, ದಪ್ಪವಾಗಿ, ಎಲ್ಲಕ್ಕಿಂತ ಮೇಲೆ ಹಾಕಿದಳು. ಜಗಳವಿದ್ದಲ್ಲಿ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದೇ ಭಂಡಿಗಡಿಯಲ್ಲಿ, ಅಧ್ಯಕ್ಷರ ಮನೆಯಿಂದ ಅರ್ಧ ಮೈಲಿ ದೂರದ ಸುಬ್ಬಪ್ಪನವರು ದಿನಾ ಹೇಳುತ್ತಿದ್ದದ್ದು ನಾಲ್ಕು, ನಾಲ್ಕೂವರೆ. ಮೂರನೇ ದಿನಕ್ಕೇ ಅದು ಆಕೆಯ ಕಣ್ಣಿಗೆ ಬಿದ್ದಿತ್ತು. ಅರ್ಧ ಮೈಲಿಗೆ ಒಂದು ದಿನ ಹೆಚ್ಚುಕಮ್ಮಿ ಆದೀತು, ದಿನಾ ದುಪ್ಪಟ್ಟು ಆಗುವುದಿಲ್ಲ. ಕಂಡದ್ದನ್ನು ಕಾಣದ ಹಾಗೆ ಆಕೆ ಮೂರು ವಾರ ಕಳೆದಳು. ಕೌಂಟರ್ ನೋಡಿದಾಗ ಖುಷಿಯಾಗುತ್ತಿತ್ತು, ಸುಬ್ಬಪ್ಪನವರ ಫೋನು ಬಂದಾಗ ಮಾತ್ರ ಅಂಕಿ ಬರೆದುಕೊಂಡು ಬೇಗ ಇಟ್ಟುಬಿಡುತ್ತಿದ್ದಳು.

ಆಗಸ್ಟ್ ಮೂರರಂದು ಬೇಗಾರಿನ ಫೋನು ಎಂಟೂ ಐದಕ್ಕೆ ಬರಲಿಲ್ಲ, ಎಂಟೂವರೆಗೆ ಬಂತು. ಕೃಷ್ಣಯ್ಯನವರ ದನಿ ಯಾವಾಗಿನಂತೆಯೇ ತಣ್ಣಗಿತ್ತು.

“ನಾಳೆಯಿಂದ ನನ್ನ ಲೆಕ್ಕ ಬೇಡ ಅಂಬುಜ. ಮೂವತ್ತೊಂದು ವರ್ಷ ಮಳೇಲಿ ನೆನ್ಕಂಡು ಬರೆದದ್ದು ನಾನು. ಭಂಡಿಗಡಿದು ಮಳೆ ಅಲ್ಲ, ಮಾಡಿಂದ ಇಳಿದ ನೀರು. ಅದರ ಪಕ್ಕ ನನ್ನ ಲೆಕ್ಕ ಕೂರಿಸ್ಬೇಡ.”

ಆಕೆ ಏನೋ ಹೇಳಲು ಹೋದಳು, ಫೋನು ಇಟ್ಟಾಗಿತ್ತು. ಅಂಬುಜಾಕ್ಷಿಯ ಮುಖಕ್ಕೆ ಹೊಡೆದಂತಾಯಿತು. ಅವರು ಕೂಗಾಡಿದ್ದರೆ ಏನಾದರೂ ಸಮಜಾಯಿಷಿ ಕೊಡಬಹುದಿತ್ತು. ಎಲ್ಲಕ್ಕೂ ಮೊದಲು ಅವರ ಪುಸ್ತಕದಿಂದ ಹುಟ್ಟಿದ ಪುಟ ಅದು, ಅದರಲ್ಲೇ ಅವರ ಹೆಸರಿಲ್ಲದೆ ಹೋಗುತ್ತದೆ ಎಂದರೆ ಏನು ಉಳಿಯಿತು? ಮರುದಿನ ಶನಿವಾರ ಅಂಕಿ ಹಾಕಿ ಮುಗಿಸಿದವಳೇ ಅಂಗಡಿಗೆ ಬೀಗ ಜಡಿದು, ಅಳೆದು ನೋಡಲೆಂದು ಪುಟ್ಟಕ್ಕನದರಂಥದೇ ಒಂದು ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಭಂಡಿಗಡಿ ಕಡೆಯ ಬಸ್ಸು ಹತ್ತಿದಳು.

ಡಬ್ಬಿ ತೆಗೆಯಬೇಕಾಗಿಯೇ ಬರಲಿಲ್ಲ. ಅಧ್ಯಕ್ಷರ ಮನೆಯ ಬೇಲಿಯ ತುಣುಬೆ ದಾಟಿ ಅಂಗಳಕ್ಕೆ ಕಾಲಿಡುವಾಗಲೇ ಕಂಡಿತು. ಜಗಲಿಯ ಮುಂದೆ ಮಳೆಗಾಲಕ್ಕೆಂದು ತಗಡಿನ ಮಾಡು ಇಳಿಸಿದ್ದರು. ಅದರ ತುದಿಯ ಪಕ್ಕದಲ್ಲೇ, ಜಗಲಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ, ಹಿತ್ತಾಳೆ ಗೇಜು. ಗಾಳಿ ಬೀಸಿದಾಗಲೆಲ್ಲ ತಗಡಿನ ಅಂಚಿನ ನೀರು ಓರೆಯಾಗಿ ನೇರ ಗೇಜಿನ ಬಾಯಿಗೆ ಬೀಳುತ್ತಿತ್ತು.

ಆ ಮನೆಯ ಹಳೆಯ ಕೆಲಸದಾಳು ಐತ ಅಲ್ಲೇ ನಿಂತಿದ್ದ, ಜಯದೇವಪ್ಪನವರಷ್ಟೇ ವಯಸ್ಸಾದವ. ಆಕೆ ಕೇಳುವ ಮೊದಲೇ ಅವನೇ ಹೇಳಿದ. ಜುಲೈಯಲ್ಲಿ ಅಯ್ಯ ಗೇಜು ನೋಡಲು ಹೋಗಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರಂತೆ. ಇನ್ನೊಮ್ಮೆ ಬಿದ್ದರೆ ಏನು ಗತಿ ಎಂದು ತಾನೇ ಗೇಜನ್ನು ಕಿತ್ತು ಜಗಲಿಯ ಹತ್ತಿರ ತಂದಿಟ್ಟನಂತೆ. ಹೇಳುತ್ತ ಹೇಳುತ್ತ ಅವನ ಕಣ್ಣು ಗೇಜಿನ ಮೇಲೆ ಹೋಯಿತು, ಬೀಳುತ್ತಿದ್ದ ನೀರಿನ ಮೇಲೆ ಹೋಯಿತು. ಅವನ ಮುಖ ಸಣ್ಣದಾಯಿತು.

ಜಗಲಿಯ ಕುರ್ಚಿಯಲ್ಲಿದ್ದ ಜಯದೇವಪ್ಪನವರು ಎಲ್ಲ ಕೇಳಿಸಿಕೊಂಡರು. ಅವರಿಗೆ ಇದು ಗೊತ್ತಿತ್ತೇ ಎಂದರೆ, ಅಂಬುಜಾಕ್ಷಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಗೊತ್ತಿತ್ತು. ನೋಡಬಾರದೆಂದು ನಿರ್ಧರಿಸಿದವನಿಗೆ ಕಣ್ಣೆದುರಿನ ತಗಡೂ ಕಾಣುವುದಿಲ್ಲ.

ಜಯದೇವಪ್ಪನವರು ದನಿ ತಗ್ಗಿಸಿ ಹೇಳಿದರು. ಮಹಾಸಭೆಗೆ ಇನ್ನು ಎಂಟೇ ದಿನ. ಅಲ್ಲಿಯವರೆಗೆ ಹೀಗೇ ಇರಲಿ. ಸಭೆ ಮುಗಿದ ಮೇಲೆ ಗೇಜು ಸದ್ದಿಲ್ಲದೆ ಅಂಗಳಕ್ಕೆ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಧ್ಯಕ್ಷನ ಲೆಕ್ಕವೇ ಸುಳ್ಳು ಎಂದು ಸಂಘದ ಸೈಟಿನಲ್ಲೇ ಬಂದರೆ, ಸಭೆಯಲ್ಲಿ ಆ ಸೈಟಿನ ಪರ ಮಾತಾಡುವವರು ಯಾರು ಎಂದೂ ಕೇಳಿದರು. ಅದು ಬೆದರಿಕೆಯಾಗಿರಲಿಲ್ಲ, ಇದ್ದ ವಿಷಯವೇ ಆಗಿತ್ತು. ಅಂಬುಜಾಕ್ಷಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಂಟು ದಿನ ಬಾಯಿ ಮುಚ್ಚಿಕೊಂಡರೆ ಕೆಲಸ ಕೈಯಲ್ಲಿರುತ್ತದೆ. ಬಾಯಿ ಬಿಟ್ಟರೆ ಮತ್ತೆ ಟೈಪಿಂಗ್ ಅಕ್ಕ.

“ಇವತ್ತೇ ತೆಗೀತೀನಿ ಅಧ್ಯಕ್ಷರೇ,” ಎಂದಳು. “ಕೆಂಪಕ್ಷರದಲ್ಲಿ ಹಾಕಿದ್ದು ನಾನು. ತೆಗೆಯೋದೂ ನಾನೇ.”

ಜಯದೇವಪ್ಪನವರು ಮುಖ ತಿರುಗಿಸಿ ತೋಟದ ಕಡೆ ನೋಡುತ್ತ ಕೂತರು. ಐತ ತುಣುಬೆಯವರೆಗೆ ಕೊಡೆ ಹಿಡಿದು ಬಂದ.

ಸಂಜೆ ಪುಟದ ತಲೆಯಲ್ಲಿ ಹೀಗೆ ಬಂತು: ‘ಭಂಡಿಗಡಿ, ಜಯದೇವಪ್ಪ, ಜುಲೈ ಹದಿನಾಲ್ಕರಿಂದ ಇಂದಿನವರೆಗಿನ ಅಂಕಿಗಳನ್ನು ತೆಗೆಯಲಾಗಿದೆ. ಗೇಜಿಗೆ ಮಾಡಿನ ನೀರು ಬೀಳುತ್ತಿತ್ತು. ಅನುಮಾನ ಬಂದ ಮೇಲೂ ವಿಚಾರಿಸದೆ ಹಾಕಿದ ತಪ್ಪು ಈ ಪುಟ ಮಾಡುವ ಅಂಬುಜಾಕ್ಷಿಯದು.’ ಐತನ ಹೆಸರು ಎಲ್ಲೂ ಬರಲಿಲ್ಲ. ಗುಂಡಿ ಒತ್ತಿದ ಮೇಲೆ ಆಕೆಗೆ ಹೆದರಿಕೆಯೂ ಆಯಿತು, ಹಗುರವೂ ಆಯಿತು.

ಭಾನುವಾರ ಬೆಳಿಗ್ಗೆ ಎಂಟೂ ಐದಕ್ಕೆ ಫೋನು ಬರಲಿಲ್ಲ. ಎಂಟೂ ಹತ್ತು ಆಯಿತು, ಎಂಟೂಕಾಲು ಆಯಿತು. ಒಂದು ಊರಿನಿಂದಲೂ ಇಲ್ಲ. ಮುಗಿಯಿತು ಎಂದುಕೊಂಡಳು ಅಂಬುಜಾಕ್ಷಿ. ಜಗಳ ಮುಗಿದ ಮೇಲೆ ಜನವೂ ಹೋದರು, ಇನ್ನೇನು ಎಂದು ಖಾಲಿ ಪುಟ ನೋಡುತ್ತ ಕೂತಳು.

ಎಂಟೂ ಇಪ್ಪತ್ತಕ್ಕೆ ಮೊದಲ ಫೋನು. ಶೃಂಗೇರಿ ಹತ್ತಿರದ ಒಬ್ಬರು ಏದುಸಿರು ಬಿಡುತ್ತಿದ್ದರು. ರಾತ್ರಿಯೇ ಮೈಸೂರಿನಿಂದ ಮಗ ನಿಮ್ಮ ಪುಟ ಓದಿ ಹೇಳಿದ, ಅನುಮಾನ ಬಂದು ಹೋಗಿ ನೋಡಿದರೆ ನಮ್ಮ ಗೇಜಿನ ಮೇಲೆ ಅಡಿಕೆ ಸೋಗೆ ಬಾಗಿದೆ ಅಕ್ಕ, ಈಗಷ್ಟೇ ಕಿತ್ತು ಬಯಲಿಗೆ ನೆಟ್ಟು ಬಂದೆ, ನನ್ನ ಈ ವಾರದ್ದೂ ತೆಗೆದುಬಿಡಿ ಎಂದರು. ಇಡುವಷ್ಟರಲ್ಲಿ ಇನ್ನೊಂದು. ಅವರದ್ದು ಹಲಸಿನ ಮರದ ಬುಡ. ಆಮೇಲೆ ಕೊಟ್ಟಿಗೆಯ ಮೂಲೆ, ಆಮೇಲೆ ಬಚ್ಚಲ ಗೋಡೆಯ ಪಕ್ಕ. ಮೂರು ತಾಲ್ಲೂಕಿನ ಗಂಡಸರು ಹೆಂಗಸರು ಆ ಬೆಳಿಗ್ಗೆ ಕೊಡೆ ಹಿಡಿದುಕೊಂಡು ತಮ್ಮ ತಮ್ಮ ಗೇಜಿನ ಸುತ್ತ ಸುತ್ತುತ್ತಿದ್ದರು, ತಡವಾದದ್ದು ಅದಕ್ಕೆ. ಹನ್ನೊಂದು ಜನ ತಾವಾಗಿಯೇ ತಪ್ಪು ಒಪ್ಪಿಕೊಂಡರು. ಅಂಬುಜಾಕ್ಷಿ ಒಂದು ಕಿವಿಗೆ ಫೋನು ಒತ್ತಿಕೊಂಡು, ಒಂದು ಕೈಯಲ್ಲಿ ಬರೆಯುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಇದ್ದಳು. ಮುತ್ತಿನಕೊಪ್ಪದ ಪುಟ್ಟಕ್ಕ, ತನ್ನ ಡಬ್ಬಿ ಅಂಗಳದ ನಟ್ಟನಡುವೆಯೇ ಇದೆ, ಬೇಕಾದರೆ ಬಂದು ನೋಡಬಹುದು ಎಂದು ಜೋರಾಗಿಯೇ ಹೇಳಿದಳು. ಎಂಟೂ ಐವತ್ತಕ್ಕೆ ಕೃಷ್ಣಯ್ಯನವರ ಫೋನು ಬಂತು. ಬೇಗಾರ್, ಎರಡು ಇಂಚು ಎಂಬತ್ತು ಎಂದಷ್ಟೇ ಹೇಳಿ ಇಟ್ಟರು.

ಒಂಬತ್ತಾಯಿತು. ಎಲ್ಲ ಸಾಲು ತುಂಬಿತ್ತು, ಭಂಡಿಗಡಿಯ ಎರಡು ಸಾಲಿನಲ್ಲಿ ಒಂದು ಬಿಟ್ಟು. ಅದನ್ನು ಅಳಿಸಿಯೇ ಹಾಕೋಣವೆಂದು ಅಂಬುಜಾಕ್ಷಿ ಕೈಯಿಟ್ಟಳು. ಫೋನು ರಿಂಗಾಯಿತು.

“ಭಂಡಿಗಡಿ. ಒಂದು ಇಂಚು ತೊಂಬತ್ತು ಸೆಂಟ್ಸ್,” ಎಂದರು ಜಯದೇವಪ್ಪ. “ಅಂಗಳದ ನಡುವೆ. ಐತ ಒಂದು ಕೈ ಹಿಡ್ಕೊಂಡಿದ್ದ, ನಾನೇ ಹೋಗಿ ನೋಡಿದ್ದು.”

ಅಂಬುಜಾಕ್ಷಿ ಅಂಕಿ ಬರೆದುಕೊಂಡಳು. ಅವರೇ ಮುಂದುವರಿಸಿದರು. ಸಭೆಯಲ್ಲಿ ಶಿವಮೊಗ್ಗದವರ ವಿಷಯ ಬರುವುದಿಲ್ಲ, ಬಂದರೆ ತಾನೇ ಎದ್ದು ಮಾತಾಡುತ್ತೇನೆ, ಪುಟ ಆಕೆಯ ಕೈಯಲ್ಲೇ ಇರಲಿ ಎಂದರು. ಆಮೇಲೆ ಕೇಳಿದರು.

“ಇವತ್ತು ಎಲ್ಲರಿಗಿಂತ ಕಮ್ಮಿ ನನ್ನದೇನಾ?”

ಆಕೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು. ಸುಳ್ಳು ಹೇಳಲು ದಾರಿಯೇ ಇರಲಿಲ್ಲ.

“ಹೌದು. ಎಲ್ಲರಿಗಿಂತ ಕಮ್ಮಿ.”

“ಹಾಕು ಮಾರಾಯ್ತಿ,” ಎಂದರು ಜಯದೇವಪ್ಪ. “ನನ್ನ ಹೆಸರು ಹಾಕಿಯೇ ಹಾಕು.”